ಮಗುವಿನ ಗಟ್ಟಿತನಕ್ಕೆ ಅಂಕ ಕೊಡುವವರು ಯಾರು?

ಅಂಗನವಾಡಿಯಲ್ಲಿ ಮಗುವಿನ ತೋಳಿಗೆ ಸುತ್ತಿ ನೋಡುವ ಬಣ್ಣದ ಪಟ್ಟಿಯೊಂದಿದೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ನಡುಭಾಗ 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಪಟ್ಟಿಯ ಕೆಂಪು ಭಾಗ ಕಾಣುತ್ತದೆ. ಮಗು ತೀವ್ರ ಅಪೌಷ್ಟಿಕತೆಯಲ್ಲಿದೆ ಎಂದು ಅದರ ಅರ್ಥ. ಪಟ್ಟಿ ಹಿಡಿದವರು ಕಾರ್ಯಕರ್ತೆಯಾಗಿರಲಿ ವೈದ್ಯರಾಗಿರಲಿ, ಪಕ್ಕದಲ್ಲಿ ತಾಯಿ ನಿಂತಿರಲಿ ಅತ್ತೆ ನಿಂತಿರಲಿ, ಸರಿಯಾಗಿ ಸುತ್ತಿದರೆ ಅಳತೆ ಅದೇ. ಮಗುವಿನ ಬಗ್ಗೆ ಯಾರ ಅಭಿಪ್ರಾಯ ಏನೆಂದು ಪಟ್ಟಿ ಕೇಳುವುದಿಲ್ಲ.

ಮನಸ್ಸಿನ ವಿಷಯದಲ್ಲಿ ಇಂಥ ಪಟ್ಟಿ ಇಲ್ಲ. ಅಪ್ಪ ತೀರಿಕೊಂಡ ಮಗು, ನೆರೆಯಲ್ಲಿ ಮನೆ ಕಳೆದುಕೊಂಡ ಮಗು, ಕುಡಿತದ ಜಗಳ ದಿನವೂ ನೋಡುವ ಮಗು, ವರ್ಷದಲ್ಲಿ ಎರಡು ಊರು ಮೂರು ಶಾಲೆ ಬದಲಾಯಿಸಿದ ಮಗು: ಇವರಲ್ಲಿ ಯಾರು ಕುಸಿಯುತ್ತಾರೆ, ಯಾರು ಎದ್ದು ನಿಲ್ಲುತ್ತಾರೆ? ಮನಶ್ಶಾಸ್ತ್ರ ರೆಸಿಲಿಯನ್ಸ್ ಎಂದು ಕರೆಯುವ ಈ ಚೇತರಿಕೆಯ ಶಕ್ತಿಯನ್ನು ಅಳೆಯಲು ಸಂಶೋಧಕರೂ ಸ್ವಯಂಸೇವಾ ಸಂಸ್ಥೆಗಳೂ ಹೆಚ್ಚಾಗಿ ಹಿಡಿಯುವ ದಾರಿ ಪ್ರಶ್ನಾವಳಿಯದು. ಮಗು ತೀರ ಚಿಕ್ಕದಾಗಿದ್ದರೆ, ಓದು ಬರಹ ಬಾರದಿದ್ದರೆ, ಉತ್ತರ ಕೊಡುವವರು ಅದನ್ನು ಸಾಕುತ್ತಿರುವವರು: ತಾಯಿ, ತಂದೆ, ಅಜ್ಜಿ, ಚಿಕ್ಕಮ್ಮ, ಹಾಸ್ಟೆಲಿನ ವಾರ್ಡನ್. ಅವರು ಹೇಳಿದ್ದಕ್ಕೆ ಗುರುತು ಹಾಕಿ, ಕೂಡಿ, ಒಟ್ಟು ಸಂಖ್ಯೆಯನ್ನು ಮಗುವಿನ ಹೆಸರಿನ ಮುಂದೆ ಬರೆಯುತ್ತಾರೆ.

ಆ ಸಂಖ್ಯೆ ಮಗುವಿನದಲ್ಲ ಎಂಬುದು ನನ್ನ ವಾದ. ಅದು ಮಗುವಿಗೂ ಉತ್ತರ ಕೊಟ್ಟವರಿಗೂ ನಡುವೆ ಇರುವ ಸಂಬಂಧದ ಬಗೆಗಿನ ಮಾಹಿತಿ. ಹಾಗೆಂದು ತಿಳಿದು ಓದಿದರೆ ಅದರಿಂದ ಬಹಳ ಉಪಯೋಗವಿದೆ. ಮಗುವಿನ ಸ್ವಂತ ಗುಣವೆಂದು ಓದಿದರೆ ಮಗುವಿಗೂ ಅನ್ಯಾಯ, ಸಾಕಿದವರಿಗೂ ಅನ್ಯಾಯ.

ಈ ವಿಚಾರ ಮೊದಲು ಬೆಳೆದ ಜಾಗಗಳಲ್ಲಿ ಹವಾಯಿಯ ಕವಾಯಿ ದ್ವೀಪ ಮುಖ್ಯವಾದದ್ದು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದರು. ಹಲವರ ತಂದೆ ತಾಯಿ ಕಬ್ಬಿನ ತೋಟಗಳ ಕೂಲಿಗಳು. ಸುಮಾರು ಮೂರನೇ ಒಂದು ಪಾಲು ಮಕ್ಕಳು ಎರಡು ವರ್ಷ ತುಂಬುವ ಮೊದಲೇ ನಾಲ್ಕೋ ಹೆಚ್ಚೋ ಸಂಕಷ್ಟಗಳಿಗೆ ಸಿಕ್ಕಿದ್ದರು: ಬಡತನ, ಹೆರಿಗೆಯ ತೊಡಕು, ತಂದೆಯ ಕುಡಿತ, ತಾಯಿಯ ಮನೋರೋಗ, ಒಡೆದ ಸಂಸಾರ. ಅವರಲ್ಲಿ ಮೂರನೇ ಎರಡು ಪಾಲು ಮಕ್ಕಳಿಗೆ ಹತ್ತು ಅಥವಾ ಹದಿನೆಂಟರ ಹೊತ್ತಿಗೆ ಕಲಿಕೆಯಲ್ಲೋ ನಡವಳಿಕೆಯಲ್ಲೋ ಗಂಭೀರ ತೊಂದರೆಗಳಿದ್ದವು. ಉಳಿದ 72 ಮಂದಿ ಚೆನ್ನಾಗಿ ಬೆಳೆದರು. ಆ 72 ಮಂದಿಯೇ ಈ ವಿಷಯಕ್ಕೆ ಜಗತ್ತಿನ ಗಮನ ಸೆಳೆದವರು.

ಆದರೆ ಅವರನ್ನು ಗುರುತಿಸಿದ್ದು ಹೇಗೆ ಎಂಬುದನ್ನು ಜನ ಬೇಗ ಮರೆತರು. ತಾಯಂದಿರನ್ನು ಬಸುರಿಯಾಗಿದ್ದಾಗಲೇ ಮಾತಾಡಿಸಿದ್ದರು, ಮಗುವಿಗೆ ಒಂದು ವರ್ಷವಾದಾಗ ಮತ್ತೆ ಮಾತಾಡಿಸಿದರು. ಎರಡರ ವಯಸ್ಸಿನಲ್ಲಿ ಮಕ್ಕಳ ವೈದ್ಯರೂ ಮನಶ್ಶಾಸ್ತ್ರಜ್ಞರೂ ಬೇರೆಯಾಗಿ ನೋಡಿದರು. ಹತ್ತರಲ್ಲಿ ಶಾಲೆಯವರು ಹೇಳಿದ್ದು ಸೇರಿತು, ಹದಿನೆಂಟರಲ್ಲಿ ಸ್ವತಃ ಮಕ್ಕಳೇ ಮಾತಾಡಿದರು. ಮುಂದೆ ಚೆನ್ನಾಗಿ ಬೆಳೆದ ಮಕ್ಕಳನ್ನು ತಾಯಂದಿರು ಮೊದಲ ವರ್ಷದಲ್ಲೇ ಚುರುಕಾದ, ಅಪ್ಪಿಕೊಳ್ಳುವ, ಸಂಭಾಳಿಸಲು ಸುಲಭವಾದ ಕೂಸುಗಳೆಂದು ವರ್ಣಿಸಿದ್ದರು ಎಂಬುದು ನಿಜ. ತಾಯಿಯ ಮಾತಿಗೆ ತೂಕವಿತ್ತು. ಆದರೆ ಅದು ಹಲವು ಸಾಕ್ಷ್ಯಗಳ ನಡುವೆ ಒಂದು ಸಾಕ್ಷ್ಯವಾಗಿತ್ತು. ತೀರ್ಪು ಬಂದದ್ದು ಹದಿನೆಂಟು ವರ್ಷ ಕಳೆದ ಮೇಲೆ, ಹಿಂತಿರುಗಿ ನೋಡಿದಾಗ.

ಬ್ರಿಟನ್ನಿನ ಮಕ್ಕಳ ಮನೋವೈದ್ಯ ಮೈಕೆಲ್ ರಟ್ಟರ್ ಇದನ್ನೇ ಪಟ್ಟು ಹಿಡಿದು ಹೇಳುತ್ತಿದ್ದರು. ಚೇತರಿಕೆ ಎನ್ನುವುದು ಮಗುವಿನೊಳಗೆ ಕೂತಿರುವ ಒಂದು ಗುಣವಲ್ಲ, ನಡೆಯುತ್ತಿರುವ ಪ್ರಕ್ರಿಯೆ. ಮೊದಲು ದೊಡ್ಡ ಕಷ್ಟ ಬಂದಿರಬೇಕು. ಆಮೇಲೆ ಅಂಥದೇ ಕಷ್ಟ ಕಂಡ ಇತರರಿಗಿಂತ ಈ ಮಗು ಮೇಲಾಗಿ ಬಾಳಿರಬೇಕು. ಇವೆರಡನ್ನೂ ನೋಡಿದ ಮೇಲಷ್ಟೇ ಅಲ್ಲಿ ಚೇತರಿಕೆ ನಡೆದಿದೆ ಎಂದು ನಾವು ಊಹಿಸಬಹುದು. ಹಾಗಿದ್ದಮೇಲೆ ಒಂದು ಮಧ್ಯಾಹ್ನ ಅರ್ಧ ಗಂಟೆಯಲ್ಲಿ ತುಂಬಿಸಿದ ಹಾಳೆ ಅದನ್ನು ಅಳೆಯಲಾರದು. ಹೆಚ್ಚೆಂದರೆ, ಕಷ್ಟ ಬಂದಾಗ ಮಗುವಿನ ಕೈಗೆ ಏನೇನು ಆಸರೆ ಸಿಕ್ಕೀತು ಎಂಬುದರ ಲೆಕ್ಕ ಕೊಟ್ಟೀತು.

ಇಂದು ಬಳಕೆಯಲ್ಲಿರುವ ಒಳ್ಳೆಯ ಪ್ರಶ್ನಾವಳಿಗಳಲ್ಲಿ ಒಂದನ್ನು ರೂಪಿಸಿದವರು ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಮೈಕೆಲ್ ಉಂಗರ್ ಮತ್ತು ಅವರ ಬಳಗ. ಹನ್ನೊಂದು ದೇಶಗಳ ಸಮುದಾಯಗಳ ಜೊತೆ ಕೆಲಸ ಮಾಡಿ ಅದನ್ನು ಕಟ್ಟಿದರು. ನಮ್ಮ ದೇಶದ ಇಂಫಾಲವೂ ಅವುಗಳಲ್ಲಿ ಸೇರಿತ್ತು. ಮೊದಲು 28 ಹೇಳಿಕೆಗಳಿದ್ದವು. 2019ರ ಪರಿಷ್ಕೃತ ರೂಪದಲ್ಲಿ 17 ಇವೆ. ಇದರ ಬಗ್ಗೆ ನನಗೆ ಗೌರವವಿದೆ. ಮಗು ಎಷ್ಟು ಧೈರ್ಯಶಾಲಿ ಎಂದಷ್ಟೇ ಕೇಳದೆ, ಹಸಿದಾಗ ಮನೆಯಲ್ಲಿ ಊಟ ಇರುತ್ತದೆಯೇ, ಶಾಲೆಯಲ್ಲಿ ತಾನೂ ಸೇರಿದವನು ಅನ್ನಿಸುತ್ತದೆಯೇ, ಮನೆಯ ಆಚರಣೆಗಳಲ್ಲಿ ಖುಷಿ ಇದೆಯೇ ಎಂದೂ ಅದು ಕೇಳುತ್ತದೆ. ಚೇತರಿಕೆಯ ಹೊಣೆಯನ್ನು ಮಗುವಿನ ಹೆಗಲ ಮೇಲೆ ಮಾತ್ರ ಹೊರಿಸದ ಪ್ರಶ್ನಾವಳಿ ಇದು.

ಇದಕ್ಕೆ ದೊಡ್ಡವರು ಉತ್ತರಿಸುವ ರೂಪವೂ ಇದೆ; ಮಗುವನ್ನು ಎಲ್ಲರಿಗಿಂತ ಹೆಚ್ಚು ಬಲ್ಲವರು ಅದನ್ನು ತುಂಬಬೇಕು. ತೊಡಕು ಶುರುವಾಗುವುದು ಇಲ್ಲಿ. ಹದಿನೇಳರಲ್ಲಿ ಹತ್ತು ಹೇಳಿಕೆಗಳು ಮಗುವಿನ ಬಗ್ಗೆ, ಏಳು ಹೇಳಿಕೆಗಳು ಮಗುವನ್ನು ಸಾಕುವವರ ಜೊತೆಗಿನ ನಂಟಿನ ಬಗ್ಗೆ. ಕಷ್ಟದಲ್ಲಿ ಮನೆಯವರು ಮಗುವಿನ ಜೊತೆ ನಿಲ್ಲುತ್ತಾರೆಯೇ? ಮನೆಯವರ ಜೊತೆ ಇರುವಾಗ ಮಗುವಿಗೆ ಭಯವಿಲ್ಲವೇ? ಅದರ ಬದುಕಿನ ಬಗ್ಗೆ ಅವರಿಗೆ ಎಷ್ಟು ಗೊತ್ತು? ಮಗುವೇ ಉತ್ತರಿಸುವಾಗ ಇವು ಸಾಕುವವರ ಬಗೆಗಿನ ಪ್ರಶ್ನೆಗಳು. ಸಾಕುವವರೇ ಉತ್ತರಿಸುವಾಗ ಅದೇ ಏಳು ಪ್ರಶ್ನೆಗಳು ತಮ್ಮ ಪರೀಕ್ಷೆಯ ಹಾಳೆಯನ್ನು ತಾವೇ ತಿದ್ದಿಕೊಳ್ಳುವ ಕೆಲಸವಾಗುತ್ತವೆ. ಮನೆಯಲ್ಲಿ ಪೆಟ್ಟು ತಿನ್ನುವ ಮಗುವಿನ ಬಗ್ಗೆ, ಪೆಟ್ಟು ಕೊಡುವವರನ್ನೇ ಕೂರಿಸಿಕೊಂಡು, ಮಗುವಿಗೆ ಇಲ್ಲಿ ಸುರಕ್ಷಿತ ಅನ್ನಿಸುತ್ತದೆಯೇ ಎಂದು ಕೇಳಿದಂತಾಗುತ್ತದೆ. ಅಳತೆ ಎಲ್ಲಿ ನಿಖರವಾಗಿರಬೇಕೋ ಅಲ್ಲೇ ಅದು ಕುರುಡಾಗುತ್ತದೆ.

ಪೆಟ್ಟು ಕೊಡುವ ಮನೆಗಳನ್ನು ಬಿಡೋಣ. ಪ್ರೀತಿ ಇರುವ ಮನೆಯಲ್ಲಿ ಏನಾಗುತ್ತದೆ? ಯಾದಗಿರಿ ಕಡೆಯ ಒಂದು ಹಳ್ಳಿಯನ್ನು ಮನಸ್ಸಿಗೆ ತಂದುಕೊಳ್ಳಿ. ಇದು ಯಾವುದೋ ಒಂದು ಮನೆಯ ಕತೆಯಲ್ಲ, ಅಂಥ ಎಷ್ಟೋ ಮನೆಗಳಲ್ಲಿ ಆಗಬಹುದಾದದ್ದು. ಮಗ ಸೊಸೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಏಳು ವರ್ಷದ ಮೊಮ್ಮಗ ಅಜ್ಜಿಯ ಹತ್ತಿರ ಇದ್ದಾನೆ. ಹಾಳೆ ಹಿಡಿದು ಬಂದ ಹುಡುಗಿ ಕಟ್ಟೆಯ ಮೇಲೆ ಕೂತಿದ್ದಾಳೆ, ಪಕ್ಕದ ಮನೆಯ ಇಬ್ಬರು ಹೆಂಗಸರು ಬಾಗಿಲಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಾರೆ.

"ಆಯಿ, ಮೊಮ್ಮಗ ತನ್ನ ಮನಸಿನ್ಯಾಗಿಂದು ಯಾರಿಗರ ಹೇಳ್ಕೋತಾನೇನು?"

"ಹೇಳ್ಕೊಳ್ಳಾಕ ಏನದ ರೀ ಅಂವಗ? ನಾ ಅದೀನಲ್ಲ."

"ಅವ್ವ ಅಪ್ಪ ನೆನಪಾಗಿ ಅಳ್ತಾನೇನು?"

"ಅಳಾಂಗಿಲ್ರಿ, ಹಠಾ ಮಾಡಾಂಗಿಲ್ಲ. ಭಾಳ ಶಾಣ್ಯಾ ಅದಾನ."

ಹುಡುಗಿ ಎರಡು ಕಡೆಯೂ ಮೇಲಿನ ಅಂಕಕ್ಕೆ ಗುರುತು ಹಾಕುತ್ತಾಳೆ. ಅಜ್ಜಿ ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಅಳದ ಮಗು ಜಾಣ ಮಗು. ಅವಳ ಮಕ್ಕಳೂ ಹಾಗೇ ಬೆಳೆದವರು, ಅವಳೂ ಹಾಗೇ ಬೆಳೆದವಳು. ಜೊತೆಗೆ, ಮೊಮ್ಮಗ ಕೊರಗುತ್ತಾನೆ ಎಂದರೆ ನೋಡಿಕೊಳ್ಳುವವರದು ಕೊರತೆ ಎಂದಾಗುತ್ತದೆ. ನೆರೆಯವರ ಎದುರಿಗೆ ಆ ಮಾತು ಅವಳ ಬಾಯಿಂದ ಬರಲಾರದು. ಹೀಗೆ ಹಾಳೆ ಹಿಡಿದು ಬರುವವರ ಕೈಯಲ್ಲೇ ಅವಳ ಪಿಂಚಣಿ, ರೇಷನ್ನು, ಮನೆಯ ಅರ್ಜಿ ಎಲ್ಲವೂ ಓಡಾಡುತ್ತವೆ. ಯಾವ ಉತ್ತರಕ್ಕೆ ಏನು ಬರುತ್ತದೆ, ಏನು ಹೋಗುತ್ತದೆ ಎಂದು ಅವಳು ಒಳಗೇ ಅಂದಾಜು ಹಾಕುವುದು ಸಹಜ.

ಹಾಳೆ ಮುಗಿದು ಹುಡುಗಿ ಚೀಲಕ್ಕೆ ಹಾಕಿಕೊಳ್ಳುವಾಗ ಅಜ್ಜಿ ತಾನಾಗಿ ಒಂದು ಮಾತು ಸೇರಿಸುತ್ತಾಳೆ: "ಫೋನ್ ಬಂದ ದಿನ ಅಷ್ಟ ಉಣ್ಣಾಂಗಿಲ್ರಿ. ಯಾಕೋ ಏನೋ."

ಮಗುವಿನ ಮನಸ್ಸಿನ ಬಗ್ಗೆ ಆ ಕಟ್ಟೆಯ ಮೇಲೆ ಸಿಕ್ಕ ಅತಿ ಮುಖ್ಯವಾದ ಸುಳಿವು ಅದು. ಹುಡುಗನಿಗೆ ದುಃಖವಿದೆ, ಅದಕ್ಕೊಂದು ದಿನವಿದೆ, ಅದು ಊಟದ ತಟ್ಟೆಯ ಮುಂದೆ ಕಾಣಿಸಿಕೊಳ್ಳುತ್ತದೆ. ಅದನ್ನು ಗಮನಿಸುವ ಒಬ್ಬರು ಮನೆಯಲ್ಲಿದ್ದಾರೆ ಎಂಬುದೂ ಅದರಿಂದಲೇ ತಿಳಿಯುತ್ತದೆ, ಮತ್ತು ಆ ಹುಡುಗನ ಮಟ್ಟಿಗೆ ಅದು ದೊಡ್ಡ ಆಸರೆ. ಹಾಳೆಯಲ್ಲಿ ಇದಕ್ಕೆ ಜಾಗವಿಲ್ಲ. ಅಂಕ ಕೂಡಿದವರಿಗೆ ಕಾಣುವುದು ತುಂಬ ಗಟ್ಟಿಯಾದ ಒಬ್ಬ ಹುಡುಗ.

ಇದೇ ಹಾಳೆಯನ್ನು ಬೆಂಗಳೂರಿನ ಜಯನಗರದ ಒಬ್ಬ ತಾಯಿಗೆ ಕೊಟ್ಟರೆ ಆಕೆ ಮಗನನ್ನು ಅಳೆಯುವುದು ಅಪಾರ್ಟ್‌ಮೆಂಟಿನ ಇತರ ಮಕ್ಕಳ ಪಕ್ಕ ನಿಲ್ಲಿಸಿ. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದದ್ದಕ್ಕೆ ಎರಡು ದಿನ ಸಪ್ಪಗಿದ್ದ ಮಗ ಆಕೆಯ ಕಣ್ಣಿಗೆ ತೀರ ಮೆದು. ಅವಳ ಮಗನಿಗೆ ಕಡಿಮೆ ಅಂಕ, ಯಾದಗಿರಿಯ ಹುಡುಗನಿಗೆ ಹೆಚ್ಚು. ಹೋಲಿಸುವ ಅಳತೆಗೋಲೇ ಬೇರೆಯಾದಾಗ ಈ ಎರಡು ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿ ಹಾಕಿ, ಇಂಥ ಜಿಲ್ಲೆಯ ಮಕ್ಕಳು ಹೆಚ್ಚು ಗಟ್ಟಿ ಎಂದು ವರದಿ ಬರೆಯುವುದು ತಪ್ಪು. ಆ ವರದಿಯನ್ನು ಓದಿ ಆ ಜಿಲ್ಲೆಗೆ ಆಪ್ತಸಮಾಲೋಚಕರು ಬೇಕಿಲ್ಲ ಎಂದು ಯಾರಾದರೂ ತೀರ್ಮಾನಿಸಿದರೆ ಅದು ಅಪರಾಧಕ್ಕೆ ಸಮ.

ಒಂದು ಮಗುವಿನ ಬಗ್ಗೆ ಇಬ್ಬರು ದೊಡ್ಡವರು ಹೇಳುವುದು ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದು ಹಳೆಯ ಪ್ರಶ್ನೆ, ಅದಕ್ಕೆ ಒಳ್ಳೆಯ ಉತ್ತರವೂ ಇದೆ. 1987ರಲ್ಲಿ ಅಮೆರಿಕದ ಥಾಮಸ್ ಅಕೆನ್‌ಬಾಕ್ ಮತ್ತು ಸಂಗಡಿಗರು ಮಕ್ಕಳ ನಡವಳಿಕೆ ಮತ್ತು ಭಾವನೆಗಳ ತೊಂದರೆ ಕುರಿತ 119 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪೂರ್ತಿ ಹೊಂದಿಕೆಗೆ 1, ಸಂಬಂಧವೇ ಇಲ್ಲದ್ದಕ್ಕೆ 0 ಎಂದಿಟ್ಟರೆ, ತಾಯಿ ತಂದೆಯರಂತೆ ಮಗುವನ್ನು ಒಂದೇ ಕಡೆ ನೋಡುವವರ ನಡುವಿನ ಹೊಂದಿಕೆ ಸುಮಾರು 0.60. ಪೋಷಕರು ಮತ್ತು ಶಿಕ್ಷಕರಂತೆ ಬೇರೆ ಬೇರೆ ಕಡೆ ನೋಡುವವರ ನಡುವೆ ಸುಮಾರು 0.28. ದೊಡ್ಡವರಿಗೂ ಸ್ವತಃ ಮಗುವಿಗೂ ನಡುವೆ ಸುಮಾರು 0.22. ಪ್ರಶ್ನಾವಳಿಗಳು ಆಗಿನ್ನೂ ಪಳಗಿರಲಿಲ್ಲವೇನೋ ಎನ್ನಬಹುದಿತ್ತು. ಆದರೆ 2015ರಲ್ಲಿ ಆಂಡ್ರೆಸ್ ಡಿ ಲಾಸ್ ರೇಯಸ್ ಮತ್ತು ಸಂಗಡಿಗರು ಆಮೇಲಿನ 341 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ಸರಾಸರಿ 0.28ರಲ್ಲೇ ನಿಂತಿತು. ಪ್ರಶ್ನಾವಳಿ ತಿದ್ದಿ ಸರಿಮಾಡಬಹುದಾದ ದೋಷ ಇದಾಗಿದ್ದರೆ ಅಷ್ಟು ವರ್ಷಗಳಲ್ಲಿ ಒಂದಿಷ್ಟಾದರೂ ಸರಿಹೋಗಬೇಕಿತ್ತು. ಮಗು ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ತನ್ನೊಳಗೆ ಮತ್ತೊಂದು. ಮೂವರೂ ನಿಜ ಹೇಳುತ್ತಿರುವುದರಿಂದಲೇ ಮೂವರ ಮಾತು ಹೊಂದುವುದಿಲ್ಲ.

ಇಲ್ಲಿ ತಾಯಂದಿರ ಪರವಾಗಿ ಒಂದು ಮಾತು ಹೇಳಲೇಬೇಕು. ಖಿನ್ನತೆಯಲ್ಲಿರುವ ತಾಯಿ ಮಗುವನ್ನು ಕಪ್ಪು ಕನ್ನಡಕದಲ್ಲಿ ನೋಡುತ್ತಾಳೆ, ಅವಳ ಮಾತನ್ನು ಹಾಗೇ ತೆಗೆದುಕೊಳ್ಳುವಂತಿಲ್ಲ ಎಂಬ ಆರೋಪ ಈ ಕ್ಷೇತ್ರದಲ್ಲಿ ಬಹುಕಾಲದಿಂದ ಇತ್ತು. 1992ರಲ್ಲಿ ಜಾನ್ ರಿಕ್ಟರ್ಸ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ, ಆ ಆರೋಪಕ್ಕೆ ತಕ್ಕ ಆಧಾರವಿಲ್ಲ ಎಂದು ತೋರಿಸಿದರು. ತಾಯಿ ಖಿನ್ನಳಾಗಿರುವ ಮನೆಯಲ್ಲಿ ಮಗುವಿಗೂ ನಿಜವಾಗಿಯೇ ತೊಂದರೆ ಹೆಚ್ಚಿರಬಹುದು; ಅವಳು ಕಂಡದ್ದನ್ನೇ ಹೇಳುತ್ತಿರಬಹುದು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಅಷ್ಟಿಷ್ಟು ಓರೆ ಕಂಡಿದೆ. ಆದರೂ ತಾಯಿಯ ಉತ್ತರವನ್ನು ಕಸವೆಂದು ಬದಿಗೆ ತಳ್ಳುವ ಹಕ್ಕನ್ನು ಅದು ಯಾರಿಗೂ ಕೊಡುವುದಿಲ್ಲ. ನನ್ನ ತಕರಾರು ಉತ್ತರಿಸುವವರ ಮೇಲಲ್ಲ. ಅವರ ಉತ್ತರವನ್ನು ತಪ್ಪು ವಿಳಾಸಕ್ಕೆ ಕಳಿಸುವವರ ಮೇಲೆ.

ಸಾಕುವವರ ಕಣ್ಣಿಗೆ ಬೀಳದ್ದು ಎಷ್ಟಿರಬಹುದು? ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಹದಿನಾರು ವರ್ಷದವರೆಗಿನ 2064 ಮಕ್ಕಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಉತ್ತರ ಕೊಡುತ್ತದೆ. 12.5 ಶೇಕಡಾ ಮಕ್ಕಳಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಕಂಡಿತು. ಅಂಥ ಮಕ್ಕಳ ಮನೆಗಳಲ್ಲಿ, ಮಗುವಿಗೆ ಇಂಥದೊಂದು ತೊಂದರೆ ಇದೆ ಎಂದು ಅನ್ನಿಸಿದ್ದ ಕುಟುಂಬಗಳು 37.5 ಶೇಕಡಾ ಮಾತ್ರ. ಉಳಿದ ಮನೆಗಳು ನಿರ್ದಯಿ ಮನೆಗಳಾಗಿದ್ದವು ಎಂದು ಇದರ ಅರ್ಥವಲ್ಲ. ಹಾಸಿಗೆ ಒದ್ದೆ ಮಾಡುವುದು, ಉಗ್ಗುವುದು, ಯಾವುದಕ್ಕೋ ವಿಪರೀತ ಹೆದರುವುದು ಮಕ್ಕಳಲ್ಲಿ ಇದ್ದದ್ದೇ, ಬೆಳೆದಂತೆ ಸರಿಹೋಗುತ್ತದೆ ಎಂದು ನಂಬುವ ಮನೆಗಳು. ಅದೇ ಮನೆಗಳ ಕೈಗೆ ಚೇತರಿಕೆಯ ಪ್ರಶ್ನಾವಳಿ ಕೊಟ್ಟಾಗ ಬರುವ ಅಂಕದಲ್ಲಿ ಆ ನಂಬಿಕೆಯೂ ಕೂಡಿರುತ್ತದೆ.

ಹೊರಗೆ ಚೆನ್ನಾಗಿ ಕಾಣುವ ಮಗು ಒಳಗೂ ಚೆನ್ನಾಗಿದೆಯೇ ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಸುನಿಯಾ ಲೂಥರ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ದಾರಿ ತೋರಿಸಿತು. ನಗರದ ಬಡ ಬಡಾವಣೆಗಳ ಹದಿಹರೆಯದವರಲ್ಲಿ, ತುಂಬ ಒತ್ತಡದ ನಡುವೆಯೂ ಓದಿನಲ್ಲಿ, ಶಿಕ್ಷಕರ ಮತ್ತು ಸಹಪಾಠಿಗಳ ಕಣ್ಣಿನಲ್ಲಿ ಮುಂದಿದ್ದವರನ್ನು ಅವರು ನೋಡಿದರು. ಅಷ್ಟೇ ಮುಂದಿದ್ದೂ ಒತ್ತಡ ಕಡಿಮೆ ಇದ್ದ ಮಕ್ಕಳಿಗಿಂತ ಇವರಲ್ಲಿ ಖಿನ್ನತೆ, ಆತಂಕ ಹೆಚ್ಚಿದ್ದವು. 2013ರಲ್ಲಿ ಜೀನ್ ಬ್ರೋಡಿ ಮತ್ತು ಸಂಗಡಿಗರು ಮೈಯ ಲೆಕ್ಕವನ್ನೂ ಸೇರಿಸಿದರು. ಜಾರ್ಜಿಯಾ ರಾಜ್ಯದ ಹಳ್ಳಿಗಾಡಿನ ಬಡ ಕಪ್ಪು ಕುಟುಂಬಗಳ ಮಕ್ಕಳಲ್ಲಿ ಯಾರನ್ನು ಶಿಕ್ಷಕರು ಹದಿಹರೆಯದ ಹೊಸ್ತಿಲಲ್ಲಿ ಸಮರ್ಥರು, ತಮ್ಮನ್ನು ತಾವು ಹತೋಟಿಯಲ್ಲಿ ಇಟ್ಟುಕೊಳ್ಳುವವರು ಎಂದು ಮೆಚ್ಚಿದ್ದರೋ ಅವರನ್ನು ಹತ್ತೊಂಬತ್ತರಲ್ಲಿ ಪರೀಕ್ಷಿಸಿದರು. ಕಷ್ಟದಲ್ಲಿ ಬೆಳೆದೂ ಮೆಚ್ಚುಗೆ ಪಡೆದವರು ಮನಸ್ಸಿನಲ್ಲಿ, ನಡತೆಯಲ್ಲಿ ಚೆನ್ನಾಗಿಯೇ ಇದ್ದರು. ಆದರೆ ರಕ್ತದೊತ್ತಡ, ಒತ್ತಡದ ಹಾರ್ಮೋನುಗಳು, ದೇಹತೂಕ ಎಲ್ಲ ಸೇರಿಸಿ ನೋಡಿದಾಗ ಅವರ ಮೈ ಬಹಳ ಸವೆದಿತ್ತು. ಗೆದ್ದು ಬಂದವರೆಂದು ನಾವು ಚಪ್ಪಾಳೆ ತಟ್ಟುವ ಮಕ್ಕಳು ಆ ಗೆಲುವಿಗೆ ಹೃದಯದಿಂದ, ರಕ್ತನಾಳಗಳಿಂದ ಬೆಲೆ ತೆರುತ್ತಿರಬಹುದು. ಯಾವ ತಾಯಿಗೂ ಯಾವ ಮೇಷ್ಟರಿಗೂ ಇದು ಹೊರಗಿನಿಂದ ಕಾಣುವುದಿಲ್ಲ. ಹಿರಿಯ ಮಗಳೆಂದು ಹತ್ತರ ವಯಸ್ಸಿಗೇ ಮನೆ ಹೊತ್ತು, ತಮ್ಮನನ್ನು ಎತ್ತಿಕೊಂಡೇ ಶಾಲೆಗೆ ಬಂದು, ತರಗತಿಯಲ್ಲೂ ಮೊದಲಿಗಳಾಗಿರುವ ಹುಡುಗಿಯರು ನಮ್ಮಲ್ಲಿ ಎಷ್ಟಿಲ್ಲ! ಅವರ ಹಾಳೆಯಲ್ಲಿ ಎಲ್ಲ ಗುರುತುಗಳೂ ಮೇಲಿನವೇ. ನೆರವು ಬೇಕಾದವರ ಪಟ್ಟಿ ಮಾಡುವಾಗ ಆ ಹೆಸರು ಕೊನೆಗೆ ಹೋಗುತ್ತದೆ. ಈ ಅಳತೆಯ ಬಗ್ಗೆ ನನಗಿರುವ ಅತಿ ದೊಡ್ಡ ಭಯ ಇದು.

ಹಾಗಾದರೆ ಈ ಹಾಳೆಗಳನ್ನು ಒಲೆಗೆ ಹಾಕೋಣವೇ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಮೂರು ವರ್ಷದ ಮಗು ತನ್ನ ಬಗ್ಗೆ ತಾನು ಉತ್ತರಿಸಲಾರದು. ಮಾತು ಬಾರದ, ಬೌದ್ಧಿಕ ಅಸಾಮರ್ಥ್ಯವಿರುವ ಮಗುವಿನ ಪರವಾಗಿ ಯಾರಾದರೂ ಹೇಳಲೇಬೇಕು. ಮಕ್ಕಳ ಮನೋವೈದ್ಯರು ಬೆರಳೆಣಿಕೆಯಷ್ಟಿರುವ ನಾಡಿನಲ್ಲಿ ಪ್ರತಿ ಮಗುವನ್ನೂ ತಜ್ಞರೇ ನೋಡಲಿ ಎಂದರೆ ಯಾವ ಮಗುವನ್ನೂ ನೋಡದೆ ಬಿಡಿ ಎಂದಂತೆ. 2021ರಲ್ಲಿ ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ ತಿಂಗಳಿಗೆ 3500 ರೂಪಾಯಿ ಕೊಡುವ ಯೋಜನೆಯನ್ನು ಕರ್ನಾಟಕ ಸರ್ಕಾರ ತಂದಿತು. ಹಣ ತಲುಪಿದೆಯೇ ಎಂದು ನೋಡುವುದು ಸುಲಭ. ಆ ಮಗು ಹೇಗಿದೆ ಎಂದು ತಿಳಿಯಲು ಚಿಕ್ಕಪ್ಪನ ಮನೆಯಲ್ಲಿ ಕೂತು ಚಿಕ್ಕಮ್ಮನನ್ನು ಕೇಳುವುದು ಬಿಟ್ಟು ಬೇರೆ ಮೊದಲ ಹೆಜ್ಜೆ ಇಲ್ಲ. ಕೇಳಲೇಬೇಕು. ಹೇಗೆ ಕೇಳಬೇಕು, ಕೇಳಿದ್ದನ್ನು ಏನು ಮಾಡಬೇಕು ಎಂಬಲ್ಲಿ ನನ್ನ ವಾದವಿದೆ.

ಹೇಗೆ ಕೇಳಬೇಕು ಎಂಬುದಕ್ಕೆ ಒಂದು ಹಳೆಯ ಮಾದರಿ ನಮ್ಮ ಆಸ್ಪತ್ರೆಗಳಲ್ಲೇ ಇದೆ. ಎಡ್ಗರ್ ಡಾಲ್ 1935ರಲ್ಲಿ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಶಾಲೆಯಲ್ಲಿ ರೂಪಿಸಿದ ಸಾಮಾಜಿಕ ಪ್ರಬುದ್ಧತೆಯ ಮಾಪನವನ್ನು ನಾಗಪುರದ ಮಾಲಿನ್ ಭಾರತಕ್ಕೆ ಒಗ್ಗಿಸಿದರು. ಬೌದ್ಧಿಕ ಅಸಾಮರ್ಥ್ಯವನ್ನು ಪರೀಕ್ಷಿಸುವಾಗ ಅದನ್ನು ಇಂದಿಗೂ ಬಳಸುತ್ತಾರೆ. ಅಲ್ಲೂ ಮಾಹಿತಿ ಕೊಡುವವರು ಸಾಕುವವರೇ. ಆದರೆ ಹಾಳೆಯನ್ನು ಅವರ ಕೈಗೆ ಕೊಟ್ಟು ಗುರುತು ಹಾಕಿ ಎನ್ನುವುದಿಲ್ಲ. ನಿಮ್ಮ ಮಗು ಸ್ವಾವಲಂಬಿಯೇ ಎಂದೂ ಕೇಳುವುದಿಲ್ಲ. ಬೆಳಿಗ್ಗೆ ಎದ್ದ ಮೇಲೆ ಏನು ಮಾಡುತ್ತಾನೆ, ಅಂಗಿ ತಾನೇ ಹಾಕಿಕೊಳ್ಳುತ್ತಾನಾ, ಗುಂಡಿ ಯಾರು ಹಾಕುತ್ತಾರೆ, ಅಂಗಡಿಗೆ ಒಬ್ಬನೇ ಹೋಗಿ ಬರುತ್ತಾನಾ ಎಂದು ಮಾತಿಗೆ ಎಳೆದು, ಮಗು ದಿನವೂ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಂಡು ಅಂಕವನ್ನು ಪರೀಕ್ಷಕರೇ ಹಾಕುತ್ತಾರೆ. ಚೇತರಿಕೆಯ ವಿಷಯದಲ್ಲೂ ಇದೇ ದಾರಿ ಹಿಡಿಯಬೇಕು. ಮಗು ಧೈರ್ಯವಾಗಿದೆಯೇ ಎಂಬ ಪ್ರಶ್ನೆಗೆ ಬದಲು, ಕಳೆದ ಸಲ ಅವನಿಗೆ ತುಂಬ ಬೇಜಾರಾದದ್ದು ಯಾವಾಗ, ಆವತ್ತು ಏನು ಮಾಡಿದ, ಯಾರ ಹತ್ತಿರ ಹೋದ, ಊಟ ನಿದ್ದೆ ಹೇಗಿತ್ತು, ಸರಿಹೋಗಲು ಎಷ್ಟು ದಿನ ಬೇಕಾಯಿತು ಎಂದು ಕೇಳಿದರೆ ಯಾದಗಿರಿಯ ಅಜ್ಜಿ ಆ ಫೋನಿನ ಮಾತನ್ನು ಹಾಳೆ ಮುಗಿದ ಮೇಲಲ್ಲ, ಮೊದಲೇ ಹೇಳುತ್ತಿದ್ದಳು. ಇದಕ್ಕೆ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಕೊಡಲಾಗದಿದ್ದರೆ ಸಮೀಕ್ಷೆಯ ಮಕ್ಕಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವುದೇ ಮೇಲು.

ಒಬ್ಬರನ್ನೇ ಕೇಳಿ ನಿಲ್ಲಿಸಬಾರದು. ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ, ಜಗತ್ತಿನ ತುಂಬ ಬಳಕೆಯಲ್ಲಿರುವ 25 ಅಂಶಗಳ ಪ್ರಶ್ನಾವಳಿಗೆ ಪೋಷಕರ ರೂಪ, ಶಿಕ್ಷಕರ ರೂಪ, ಹನ್ನೊಂದು ದಾಟಿದ ಮಕ್ಕಳೇ ತುಂಬುವ ರೂಪ ಎಂದು ಮೂರಿವೆ. ಹಲವೆಡೆ ಮೂರರಲ್ಲಿ ಒಂದನ್ನು ಮಾತ್ರ ತುಂಬಿಸಿ ಕೈ ತೊಳೆದುಕೊಳ್ಳುತ್ತಾರೆ, ಅಥವಾ ಮೂರನ್ನೂ ಕೂಡಿ ಸರಾಸರಿ ತೆಗೆಯುತ್ತಾರೆ. ಸರಾಸರಿ ತೆಗೆಯುವುದು ಮಾಹಿತಿಯನ್ನು ಅಳಿಸುವ ಕೆಲಸ. ಮನೆಯವರು ಗಟ್ಟಿ ಎಂದ ಮಗುವನ್ನು ಮೇಷ್ಟರು ಮಂಕು ಎಂದರೆ, ಆ ವ್ಯತ್ಯಾಸವೇ ನಾವು ಹುಡುಕುತ್ತಿದ್ದ ಸುಳಿವು. ಶಾಲೆಯಲ್ಲಿ ಏನೋ ಆಗುತ್ತಿರಬಹುದು, ಇಲ್ಲವೇ ಮನೆಯಲ್ಲಿ ತೋರಿಸಲಾಗದ ದುಃಖವನ್ನು ಮಗು ಶಾಲೆಯಲ್ಲಿ ಇಳಿಸುತ್ತಿರಬಹುದು.

ವಸತಿ ಶಾಲೆಗಳಲ್ಲಿ ಮಗುವನ್ನು ಎಲ್ಲರಿಗಿಂತ ಹೆಚ್ಚು ಬಲ್ಲವರು ಯಾರು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ ಸೇರಿದ ಮಗುವಿನ ಬಗ್ಗೆ ತಾಯಿಗೆ ರಜೆಯಲ್ಲಿ ಕಂಡಷ್ಟು ಗೊತ್ತು. ನೂರಾರು ಮಕ್ಕಳ ಹಾಜರಿ ಹಿಡಿಯುವ ವಾರ್ಡನ್‌ಗೆ ಶಿಸ್ತು ತಪ್ಪಿದವರ ಮುಖ ಗೊತ್ತು, ಸುಮ್ಮನಿರುವವರದ್ದು ಗೊತ್ತಿರುವುದಿಲ್ಲ. ಯಾರು ಅನ್ನ ಬಿಟ್ಟು ಏಳುತ್ತಾರೆ ಎಂಬುದು ಅಡುಗೆಯವರಿಗೆ ಗೊತ್ತು, ಆದರೆ ಅವರನ್ನು ಯಾರೂ ಕೇಳುವುದಿಲ್ಲ. ಪಕ್ಕದ ಹಾಸಿಗೆಯ ಗೆಳತಿಗೆ ಎಲ್ಲ ಗೊತ್ತು. ಅಲ್ಲಿ ಮೊದಲು ಕೇಳಬೇಕಾದದ್ದು ಮಗುವನ್ನೇ. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ, ಅದನ್ನು ದೊಡ್ಡವರು ಕಿವಿಗೊಟ್ಟು ಕೇಳಬೇಕಾದ ಹಕ್ಕನ್ನು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿಗೆ ಕೊಟ್ಟಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿದೆ. ಉಂಗರ್ ಬಳಗದ ಪ್ರಶ್ನಾವಳಿಯಲ್ಲಿ ಐದು ವರ್ಷದ ಮಕ್ಕಳಿಂದ ಹಿಡಿದು ಮಕ್ಕಳೇ ಉತ್ತರಿಸುವ ರೂಪವಿರುವಾಗ, ದೊಡ್ಡವರ ಉತ್ತರದಲ್ಲೇ ನಿಲ್ಲಿಸುವುದಕ್ಕೆ ಬಿಡುವಿಲ್ಲ ಎನ್ನುವುದನ್ನು ಬಿಟ್ಟರೆ ಬೇರೆ ಕಾರಣವಿರುವುದು ಅಪರೂಪ.

ಇನ್ನು ಕಾರ್ಯಕ್ರಮಗಳ ಫಲಿತಾಂಶ ತೋರಿಸಲು ಈ ಅಂಕಗಳನ್ನು ಬಳಸುವ ರೂಢಿ. ಪೋಷಕರಿಗೆ ಎಂಟು ವಾರ ತರಬೇತಿ ಕೊಡುತ್ತಾರೆ. ಮೊದಲೂ ಆಮೇಲೂ ಅವರಿಂದಲೇ ಮಗುವಿನ ಬಗ್ಗೆ ಹಾಳೆ ತುಂಬಿಸುತ್ತಾರೆ. ಅಂಕ ಏರುತ್ತದೆ. ಏರಿದ್ದು ಏನು? ಮಗು ಬದಲಾಗಿರಬಹುದು. ಮಗುವನ್ನು ನೋಡುವ ತಾಯಿಯ ಕಣ್ಣು ಬದಲಾಗಿರಬಹುದು. ಅದೂ ಒಳ್ಳೆಯದೇ, ಮಗುವಿಗೆ ಅದರಿಂದ ಲಾಭವಿದೆ. ಅಥವಾ ಎಂಟು ವಾರ ಚಹಾ ಕೊಟ್ಟು ಅಕ್ಕರೆಯಿಂದ ಮಾತಾಡಿಸಿದವರಿಗೆ ಬೇಜಾರಾಗದಿರಲಿ ಎಂದು ಆಕೆ ಒಂದು ಮನೆ ಮೇಲೆ ಗುರುತು ಹಾಕಿರಬಹುದು. ಈ ಮೂರನ್ನು ಬೇರ್ಪಡಿಸಲು ಆ ಹಾಳೆಯಲ್ಲಿ ದಾರಿ ಇಲ್ಲ. ಮಕ್ಕಳ ಚೇತರಿಕೆಯ ಶಕ್ತಿ ಇಷ್ಟು ಶೇಕಡಾ ಹೆಚ್ಚಿತು ಎಂದು ದಾನಿಗಳಿಗೆ ಬರೆಯುವ ಮೊದಲು, ತರಬೇತಿಯ ಸುದ್ದಿಯೇ ಗೊತ್ತಿಲ್ಲದ ಶಿಕ್ಷಕರನ್ನೋ ಸ್ವತಃ ಮಕ್ಕಳನ್ನೋ ಕೇಳಿ ನೋಡುವ ಪ್ರಾಮಾಣಿಕತೆ ಬೇಕು. ಪೋಷಕರ ಅಂಕವೊಂದೇ ಏರಿದ್ದರೆ ಪೋಷಕರ ನೋಟ ಬದಲಾಗಿದೆ ಎಂದು ಬರೆಯಲಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೊನೆಯದಾಗಿ ಆ ಹಾಳೆ ಎಲ್ಲಿರಬೇಕು ಎಂಬುದು. ನನ್ನನ್ನು ಕೇಳಿದರೆ, ಮಗುವಿನ ಶಾಲೆಯ ಕಡತಕ್ಕೆ ಅದು ಸೇರಬಾರದು. ಹಾಸ್ಟೆಲ್ ಪ್ರವೇಶಕ್ಕೆ, ವಿದ್ಯಾರ್ಥಿವೇತನಕ್ಕೆ, ಪಾಲನಾ ಸಂಸ್ಥೆಯಿಂದ ಮನೆಗೆ ಕಳಿಸುವ ತೀರ್ಮಾನಕ್ಕೆ ಆ ಅಂಕ ಅರ್ಹತೆಯಾಗಬಾರದು. ಯಾರು ಉತ್ತರಿಸಿದರು, ಮಗುವಿಗೆ ಏನಾಗಬೇಕು, ಯಾವ ತಾರೀಖು, ಪಕ್ಕದಲ್ಲಿ ಯಾರಿದ್ದರು ಎಂದು ಹಾಳೆಯ ತಲೆಯ ಮೇಲೇ ಬರೆದಿರಬೇಕು, ಒಂದು ವರ್ಷ ಕಳೆದ ಮೇಲೆ ಅದನ್ನು ನಂಬಬಾರದು. ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಕವಾಯಿಯ ಕತೆ 72 ಮಂದಿಯ ಗೆಲುವಿನಲ್ಲಿ ಮುಗಿಯಲಿಲ್ಲ. ವರ್ನರ್ ಮತ್ತು ಸ್ಮಿತ್ ಅದೇ ಮಕ್ಕಳನ್ನು ಮೂವತ್ತೆರಡರಲ್ಲಿ, ನಲವತ್ತರಲ್ಲಿ ಮತ್ತೆ ಹುಡುಕಿ ಮಾತಾಡಿಸಿದರು. ಹದಿನೆಂಟರಲ್ಲಿ ದಾರಿ ತಪ್ಪಿದವರೆಂದು ದಾಖಲಾಗಿದ್ದ ಹೆಚ್ಚಿನವರು ಆ ಹೊತ್ತಿಗೆ ಚೇತರಿಸಿಕೊಂಡಿದ್ದರು. ಕೆಲವರಿಗೆ ಸಮುದಾಯ ಕಾಲೇಜು ಎರಡನೇ ಅವಕಾಶ ಕೊಟ್ಟಿತ್ತು, ಕೆಲವರಿಗೆ ಸೇನೆಯ ಕೆಲಸ, ಕೆಲವರಿಗೆ ಒಳ್ಳೆಯ ಸಂಗಾತಿ, ಕೆಲವರಿಗೆ ಧರ್ಮಶ್ರದ್ಧೆಯ ಒಂದು ಬಳಗ. ಹದಿಹರೆಯದಲ್ಲಿ ತಾಯಾದ ಹುಡುಗಿಯರಲ್ಲಿ ಹಲವರು ಓದು ಮುಂದುವರಿಸಿ ಕೆಲಸ ಹಿಡಿದಿದ್ದರು. ಹದಿನೆಂಟರಲ್ಲಿ ಅವರ ತಾಯಂದಿರ ಕೈಗೆ ಹಾಳೆ ಕೊಟ್ಟಿದ್ದರೆ ಎಷ್ಟು ಅಂಕ ಬರುತ್ತಿತ್ತು ಎಂದು ಊಹಿಸುವುದು ಕಷ್ಟವೇನಲ್ಲ; ಆ ಅಂಕ ನೋಡಿ ಕಾಲೇಜಿನ ಬಾಗಿಲು ತೆರೆಯಬೇಕೋ ಬೇಡವೋ ಎಂದು ನಿರ್ಧರಿಸುವವರು ಅಲ್ಲಿರಲಿಲ್ಲ.